ಬರ ಹಾಕಿದ ಏರಿ

ಗದಗಿನಿಂದ ಹೊರಟ ರೈಲು ಮಲಪ್ರಭೆ ದಾಟಿ ಬಾದಾಮಿ, ಬಾಗಲಕೋಟೆ ಹಾದು, ಕೃಷ್ಣೆಯಾಚೆ ವಿಜಯಪುರ, ಹೋಟಗಿಯತ್ತ ಸಾಗುತ್ತದೆ. ಈ ಹಾದಿಯ ಬುಡದಲ್ಲಿರುವುದು ಒಂದು ಬರಗಾಲ.

1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರಿಯೂ ಹೋಯಿತು. ಬಿಳಿಜೋಳ ನಂಬಿದ ಎರಿಹೊಲಗಳು ಬಾಯಿಬಿಟ್ಟವು. 1791–92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದ ಸೀಮೆಯಿದು. ಜನ ಕಾಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು: ಆಳವಾಗಿ ತೋಡಿ, ಒಳಗೆಲ್ಲ ಹುಲ್ಲು ಕೊಟ್ಟು, ಬಾಯಿಗೆ ಬಂಡೆ ಮುಚ್ಚಿ ಮಣ್ಣೆಳೆದರೆ ಜೋಳ ವರ್ಷಗಟ್ಟಲೆ ಕೆಡದು. ಆದರೆ ಹಗೇವು ಹೊಲವಿದ್ದವರಿಗೆ. ಹುನಗುಂದದ ಕೂಲಿಯವನಿಗೆ, ಇಳಕಲ್ಲಿನ ನೇಕಾರನಿಗೆ ಎಲ್ಲಿಯದು? ಹೊಟ್ಟೆಗೇ ತತ್ವಾರವಾದಾಗ ಸೀರೆ ಕೊಳ್ಳುವವರಾದರೂ ಯಾರು?

ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು. ಹೋಟಗಿ–ಗದಗ ಮಾರ್ಗದ ಮಣ್ಣಿನ ಕೆಲಸದ ಒಂದು ಪಾಲು ಹೀಗೆ, ಹಸಿದವರು ಬುಟ್ಟಿ ಹೊತ್ತು ಮಾಡಿದ್ದು. 1877ರ ಜನವರಿಯಲ್ಲಿ ಸರ್ಕಾರದ ಬರಗಾಲ ಪ್ರತಿನಿಧಿ ರಿಚರ್ಡ್ ಟೆಂಪಲ್ ಕೂಲಿ ಇಳಿಸಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕೆಂದ. ಅರ್ಧ ಕಿಲೋಗೂ ಕಡಿಮೆ ಕಾಳು! ದುಡಿಯುವ ಮೈಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಜಗಳ ತೆಗೆದ. ಆ ಲೆಕ್ಕ ಓದಿದರೆ ಈಗಲೂ ಸಿಟ್ಟು ಬರುತ್ತದೆ.

ಇಂದಿನ ಬಾಗಲಕೋಟೆ, ವಿಜಯಪುರ ಸೀಮೆ ಆಗ ಕಲಾದಗಿ ಜಿಲ್ಲೆ. 1872ರ ಗಣತಿಯಲ್ಲಿ ಅಲ್ಲಿದ್ದವರು ಸುಮಾರು 8.16 ಲಕ್ಷ, 1881ರಲ್ಲಿ 6.38 ಲಕ್ಷ. ಸತ್ತವರೆಷ್ಟೋ, ನಿಜಾಮನ ಮೊಗಲಾಯಿಗೆ ಗುಳೆ ಹೋಗಿ ತಿರುಗಿ ಬಾರದವರೆಷ್ಟೋ.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರಲ್ಲಿ ಗಾಡಿ ಓಡಿತು. ಮುಂದಿನ ಬರಕ್ಕೆ ಕಾಳು ತರಬೇಕೆಂದು ಹಾಕಿದ ಹಳಿ ಜನರನ್ನೂ ಹೊತ್ತೊಯ್ದಿತು. ಸೊಲ್ಲಾಪುರದ ಗಿರಣಿಗಳು ಹತ್ತಿರವಾದವು. ಗುಳೆ ಇನ್ನೂ ನಿಂತಿಲ್ಲ. ಗೋವಾ, ಮಂಗಳೂರಿನ ಕಟ್ಟಡ ಕೆಲಸದಲ್ಲಿ ಬಾದಾಮಿ, ಹುನಗುಂದ ಕಡೆಯ ಮಾತು ಕಿವಿಗೆ ಬೀಳುತ್ತದೆ.

ಇಂಥದೇ ಹಸಿವು ಕಂಡ ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಮಂದಿ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಅಲ್ಲೂ ಹಸಿದವರ ಕೈಯಿಂದಲೇ ರಸ್ತೆ ಮಾಡಿಸಿದ್ದರು. 2002ರಲ್ಲಿ ನ್ಯೂಯಾರ್ಕಿನಲ್ಲಿ ತಲೆಯೆತ್ತಿದ ಅವರ ಸ್ಮಾರಕದಲ್ಲಿ ಐರ್ಲೆಂಡಿನ 32 ಕೌಂಟಿಗಳ ಕಲ್ಲುಗಳಿವೆ.

ನಮ್ಮಲ್ಲಿ ಬರದ ಭಯ ಉಳಿದಿರುವುದು ಗುರ್ಜಿಯಲ್ಲಿ. ಮಳೆ ತಡವಾದರೆ ಹಂಚಿನ ಮೇಲೆ ಸಗಣಿ ಗುರ್ಜಿ ಇಟ್ಟು, ಗರಿಕೆ ಚುಚ್ಚಿ, ಹುಡುಗನ ತಲೆಗೇರಿಸಿ ಮನೆಮನೆಗೆ ಹೋಗುತ್ತಾರೆ. ಮನೆಯವರು ಕೊಡ ನೀರು ಸುರಿದು ಜೋಳ ನೀಡುತ್ತಾರೆ. ಅದು ಬರಲಿರುವ ಮಳೆಗಾಗಿ. ಬರದಲ್ಲಿ ಹೋದವರ ನೆನಪಿಗೂ ಏನಾದರೂ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಅದರದೊಂದು ಚಪ್ಪಡಿ ಬಾಗಲಕೋಟೆ ನಿಲ್ದಾಣದಲ್ಲಿ, ಮತ್ತೊಂದು ಬಾದಾಮಿಯಲ್ಲಿ ನಿಲ್ಲಲಿ. ಮೇಲೆ ಗಣತಿಯ ಆ ಎರಡು ಅಂಕಿ, ಕೆಳಗೆ ದಿನಗೂಲಿಯ ಲೆಕ್ಕ ಕೊರೆಸಬೇಕು.