ಮೀಟರಿನ ಕೆಂಪು ದೀಪ ಎಣಿಸಿ ನೋಡಿ

ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಗೊತ್ತುಮಾಡಿರುವುದು ತಿಂಗಳಿಗೆ 62 ಯೂನಿಟ್. 2023ರಲ್ಲಿ ಯೋಜನೆ ಬಂದಾಗಿನಿಂದ ಬಿಲ್ಲು ಸೊನ್ನೆ ಬರುತ್ತಿತ್ತು. ಹೋದ ಚಳಿಗಾಲ ಒಂದು ತಿಂಗಳು 97 ಯೂನಿಟ್ ಆಗಿ, ದಾಟಿದ್ದಕ್ಕೆ ದುಡ್ಡು ಕಟ್ಟಬೇಕಾಯಿತು. ಮೀಟರೇ ಕೆಟ್ಟಿದೆ ಅಂತ ಮಗ, ಫ್ರಿಜ್ಜಿನ ಕೆಲಸ ಇದು ಅಂತ ನಾನು. ನಮ್ಮ ಜಗಳ ಬಿಡಿಸಿದ್ದು ಲೈನ್‌ಮನ್ ಹೇಳಿಕೊಟ್ಟ ಒಂದು ಲೆಕ್ಕ.

ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿನುಗುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ 3200, ನಿಮ್ಮದರಲ್ಲಿ ಬೇರೆ ಇದ್ದೀತು. ಎಲ್ಲ ಆರಿಸಿ ಒಂದೇ ಸಾಮಾನು ಹಾಕಿ, ಒಂದು ನಿಮಿಷ ಎಣಿಸಿ. ಬಂದದ್ದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಯೂನಿಟ್ ಅಂತ ಸಿಕ್ಕಿತು.

9 ವಾಟಿನ ಎಲ್‌ಇಡಿ ಬಲ್ಬಿಗೆ ಎರಡು ನಿಮಿಷಕ್ಕೊಂದು ಸಲ ಮಿನುಗಿತು. ದನದ ಕೊಟ್ಟಿಗೆಯ ಹಳೇ 60 ವಾಟಿನ ಬುರುಡೆಗೆ ನಿಮಿಷಕ್ಕೆ ಮೂರು, ಫ್ಯಾನಿಗೆ ನಾಲ್ಕು. ನೀರು ಕಾಯಿಸುವ ಕಾಯಿಲ್ ಹಾಕಿದಾಗ ಎಣಿಸುವುದೇ ಕಷ್ಟವಾಯಿತು, ನಿಮಿಷಕ್ಕೆ 80! ಗಂಟೆಗೆ ಒಂದೂವರೆ ಯೂನಿಟ್. ಐದು ಜನರ ಸ್ನಾನಕ್ಕೆ ದಿನಾ 40 ನಿಮಿಷ ಹಾಕಿದರೂ ತಿಂಗಳಿಗೆ 30 ಯೂನಿಟ್ ಅಲ್ಲೇ ಹೋಯಿತು. ಅತ್ತ ತೊಗರಿ ಕಟ್ಟಿಗೆ ಬಣವೆಗಟ್ಟಲೆ ಹೊಲದಲ್ಲಿ ಗೆದ್ದಲು ತಿನ್ನುತ್ತಿತ್ತು. ಹಂಡೆ ಮತ್ತೆ ಒಲೆ ಮೇಲೆ ಕೂತಿದೆ, ಕಾಯಿಲ್ ಮಳೆ ಹಿಡಿದಾಗ ಮಾತ್ರ.

ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೂ ಅದರ ಡಬ್ಬಿ ಎರಡು ನಿಮಿಷಕ್ಕೊಂದು ಸಲ ಮಿನುಗಿಸುತ್ತಲೇ ಇತ್ತು. ಹಗಲು ರಾತ್ರಿ ಸೇರಿ ತಿಂಗಳಿಗೆ ಹತ್ತಿರ ಏಳು ಯೂನಿಟ್. ಈಗ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ. ಫ್ರಿಜ್ಜಿನ ಮೋಟಾರು ನಿಂತು ನಿಂತು ಓಡುವುದರಿಂದ ಒಂದು ನಿಮಿಷದ ಲೆಕ್ಕ ಸಾಲದು. ರಾತ್ರಿ ಅದೊಂದನ್ನೇ ಬಿಟ್ಟು ಬೆಳಗ್ಗೆ ಮೀಟರ್ ನೋಡಿದೆ, ಕಾಲು ಯೂನಿಟ್ಟು. ನನ್ನ ಮಾತು ಸುಳ್ಳಾಯಿತು.

ಸಂಪಿನಿಂದ ನೀರೆತ್ತುವ ಅರ್ಧ ಎಚ್‌ಪಿ ಮೋಟಾರಿಗೆ 27. ಇಲ್ಲಿ ಕರೆಂಟಿಗಿಂತ ನೀರಿನದೇ ಸಂಕಟ. ನಮ್ಮೂರಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. 500 ಲೀಟರ್ ಟ್ಯಾಂಕು 20 ನಿಮಿಷಕ್ಕೆ ತುಂಬುತ್ತದೆ, ನಾವು ಮರೆತು ಮುಕ್ಕಾಲು ಗಂಟೆ ಓಡಿಸುತ್ತಿದ್ದೆವು. ಒಂದು ಟ್ಯಾಂಕಿಗಿಂತ ಹೆಚ್ಚು ನೀರು ಹಿತ್ತಿಲ ಪಾಲು. ಈಗ ತುಂಬಿ ಹರಿಯುವ ಪೈಪನ್ನು ಅಡಿಗೆಮನೆ ಬಾಗಿಲ ಮುಂದೆ ಇಳಿಸಿ, ಕೆಳಗೆ ಖಾಲಿ ತಗಡಿನ ಡಬ್ಬ ಇಟ್ಟಿದ್ದೇನೆ. ನೀರು ಬಿದ್ದ ಸದ್ದಿಗೆ ಯಾರಾದರೂ ಓಡಿ ಬರುತ್ತಾರೆ.

ಮುಂದಿನ ತಿಂಗಳು 58 ಯೂನಿಟ್ ಬಂತು.

ಇನ್ನೊಂದು ಮಾತು. ಪ್ಲಗ್ಗುಗಳನ್ನೆಲ್ಲ ಕಿತ್ತು, ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ವೈರಿಂಗಿನಲ್ಲಿ ಎಲ್ಲೋ ಕರೆಂಟು ಸೋರುತ್ತಿರಬಹುದು. ನೀವು ಕೈ ಹಾಕಬೇಡಿ, ವೈರ್‌ಮನ್‌ಗೆ ಹೇಳಿ ಕಳಿಸಿ.