ಟೊಳ್ಳುಕೋಶದ ಸಾಕ್ಷ್ಯ: ಲಿಯೋಪೋಲ್ಡ್ ಕಾಸ್ ಅವರ ಸಂಶೋಧನೆ

ಗರ್ಭಕಂಠದ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವ ವ್ಯಾಧಿಯಲ್ಲ. ಅಲ್ಲಿನ ಮೇಲುಪೊರೆಯ ಜೀವಕೋಶಗಳು ಮೊದಲು ಅಲ್ಪಸ್ವಲ್ಪ ವಿಕಾರಗೊಳ್ಳುತ್ತವೆ. ಅಂಥ ವಿಕಾರಗಳಲ್ಲಿ ಕೆಲವು ಮಾತ್ರ ಹಲವು ವರ್ಷಗಳ ತರುವಾಯ ಒಳಗಿನ ಅಂಗಾಂಶವನ್ನು ಆಕ್ರಮಿಸುತ್ತವೆ. ಈ ದೀರ್ಘಾವಧಿಯೇ ಚಿಕಿತ್ಸೆಗೆ ದೊರೆಯುವ ಅವಕಾಶ. ನ್ಯೂಯಾರ್ಕಿನ ಜಾರ್ಜ್ ಪಾಪನಿಕೊಲಾವ್ ಅವರು ಹರ್ಬರ್ಟ್ ಟ್ರಾಟ್ ಅವರೊಡನೆ 1941ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಅವಕಾಶವನ್ನು ಬಳಸಿಕೊಳ್ಳುವ ಮಾರ್ಗವನ್ನು ತೋರಿಸಿತು. ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಿಂದ ನೋಡುವ ಈ ಕ್ರಮವೇ ಪ್ಯಾಪ್ ಪರೀಕ್ಷೆ. ಆದರೆ ಕಂಡ ವಿಕಾರಗಳಲ್ಲಿ ಯಾವುದು ಏನನ್ನು ಸೂಚಿಸುತ್ತದೆಂಬ ಪ್ರಶ್ನೆ ಉಳಿದೇ ಇತ್ತು. ಆ ಪ್ರಶ್ನೆಯ ಬೆನ್ನು ಹತ್ತಿದ ರೋಗಶಾಸ್ತ್ರಜ್ಞರಲ್ಲಿ ಲಿಯೋಪೋಲ್ಡ್ ಕಾಸ್ ಪ್ರಮುಖರು.

1920ರಲ್ಲಿ ಡಾನ್ಜಿಗ್ ನಗರದಲ್ಲಿ ಜನಿಸಿದ ಕಾಸ್, ಸ್ವಿಟ್ಜರ್ಲೆಂಡಿನಲ್ಲಿ ವೈದ್ಯಶಿಕ್ಷಣವನ್ನು ಪಡೆದು ಅಮೆರಿಕೆಗೆ ಬಂದರು. ನ್ಯೂಯಾರ್ಕಿನಲ್ಲಿದ್ದಾಗ, 1956ರಲ್ಲಿ, ಗ್ರೇಸ್ ಡರ್ಫಿ ಅವರೊಡನೆ ಒಂದು ಪ್ರಬಂಧವನ್ನು ಹೊರತಂದರು. ಕೆಲವು ಜೀವಕೋಶಗಳಲ್ಲಿ ಕೋಶಕೇಂದ್ರವು ಹಿಗ್ಗಿ ವಿಕಾರಗೊಂಡಿದ್ದು, ಅದರ ಸುತ್ತ ಬರಿದಾದಂತೆ ತೋರುವ ತಿಳಿಯಾದ ವಲಯವೊಂದಿರುವುದನ್ನು ಅವರು ಅದರಲ್ಲಿ ವರ್ಣಿಸಿದರು. ಟೊಳ್ಳು ಎಂಬರ್ಥದ ಗ್ರೀಕ್ ಶಬ್ದದಿಂದ ಆ ವಿಕಾರಕ್ಕೆ ಹೆಸರು ಬಂದಿತು. ಅಂಥ ಕೋಶವು ‘ಕೊಯ್ಲೊಸೈಟ್’ ಎನಿಸಿತು. ಆ ಟೊಳ್ಳಿನ ಕಾರಣ ಆಗಿನ್ನೂ ಸಿದ್ಧಪಟ್ಟಿರಲಿಲ್ಲ. ಕಾರಣ ತಿಳಿಯುವ ಮೊದಲೇ ಕಂಡದ್ದನ್ನು ಕಂಡಂತೆ ದಾಖಲಿಸಿದುದು ಆ ಪ್ರಬಂಧದ ಹಿರಿಮೆ.

ಇಪ್ಪತ್ತು ವರ್ಷಗಳ ಮೇಲೆ, 1976ರಲ್ಲಿ, ಕೆನಡಾದ ಮೈಸೆಲ್ಸ್ ಮತ್ತು ಫೋರ್ಟಿನ್ ಅವರು ಈ ಟೊಳ್ಳುಕೋಶವು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ಎಂದರೆ ನರೂಲಿಯನ್ನುಂಟುಮಾಡುವ ವೈರಸ್ ವರ್ಗದ, ಸೋಂಕಿನ ಗುರುತೆಂದು ಪ್ರತಿಪಾದಿಸಿದರು. 1983ರಲ್ಲಿ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಮತ್ತು ಸಂಗಡಿಗರು ಗರ್ಭಕಂಠದ ಕ್ಯಾನ್ಸರಿನಲ್ಲಿಯೇ ಆ ವರ್ಗದ 16ನೆಯ ಬಗೆಯನ್ನು ಗುರುತಿಸಿದರು. ಈ ಸಂಶೋಧನೆಗಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಟೊಳ್ಳುಕೋಶ ಕಂಡ ಮಾತ್ರಕ್ಕೆ ಕ್ಯಾನ್ಸರ್ ಬಂದಿದೆಯೆಂದಲ್ಲ. ಬಹುಮಟ್ಟಿಗೆ ಈ ಸೋಂಕು ತಾನಾಗಿಯೇ ಅಡಗುತ್ತದೆ. ವರ್ಷಗಟ್ಟಲೆ ಉಳಿದುಕೊಂಡ ಸೋಂಕೇ ಅಪಾಯಕಾರಿ.

ಕಾಸ್ ಅವರ ಜೀವಕೋಶ ರೋಗನಿದಾನ ಕುರಿತ ಬೃಹದ್ಗ್ರಂಥ 1961ರಲ್ಲಿ ಪ್ರಕಟವಾಗಿ, ಹಲವು ಆವೃತ್ತಿಗಳನ್ನು ಕಂಡಿತು. ಆದರೂ ತಮ್ಮ ಶಾಸ್ತ್ರದ ದೌರ್ಬಲ್ಯವನ್ನು ಅವರು ಮರೆಮಾಚಲಿಲ್ಲ. 1989ರ ಲೇಖನವೊಂದರಲ್ಲಿ ಪ್ಯಾಪ್ ಪರೀಕ್ಷೆಯನ್ನು ವಿಜಯವೆಂದೂ ದುರಂತವೆಂದೂ ಒಟ್ಟಿಗೆ ಕರೆದರು. ಪರೀಕ್ಷೆಯಿಂದ ಅಸಂಖ್ಯ ಪ್ರಾಣಗಳುಳಿದುದು ವಿಜಯ. ಪರೀಕ್ಷೆ ಮಾಡಿಸಿಕೊಂಡ ಸ್ತ್ರೀಯರಲ್ಲಿಯೂ ಕೆಲವರ ರೋಗ ಕಣ್ತಪ್ಪಿ ಹೋಗುವುದು ದುರಂತ. ಲೇಪವನ್ನು ಸರಿಯಾಗಿ ತೆಗೆಯದಿರಬಹುದು. ಒಂದೊಂದು ಪಟ್ಟಿಯ ಮೇಲಿನ ಸಾವಿರಾರು ಕೋಶಗಳ ನಡುವೆ ವಿಕೃತವಾದ ಹತ್ತಾರು ಕೋಶಗಳನ್ನು ದಣಿದ ಕಣ್ಣು ಕಾಣದಿರಬಹುದು.

ನುರಿತ ಕಣ್ಣುಗಳೇ ವಿರಳವಾದ ನಾಡುಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಕರ್ನಾಟಕದ ಬೀದರ, ಕಲಬುರ್ಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ, ಈಗ ಧಾರಾಶಿವವೆನಿಸಿದ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಮೊದಲಾದ ಸಂಸ್ಥೆಗಳು ನಡೆಸಿದ ಪ್ರಯೋಗವು ಇಲ್ಲಿ ಗಮನಾರ್ಹ. 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಗುಂಪುಗಳಲ್ಲಿಟ್ಟು, ಮೂರರಲ್ಲಿ ವೈರಸ್ ಪರೀಕ್ಷೆ, ಪ್ಯಾಪ್ ಪರೀಕ್ಷೆ, ಅಸೆಟಿಕ್ ಆಮ್ಲವನ್ನು ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ ಇವುಗಳಲ್ಲಿ ಒಂದೊಂದನ್ನು ನಡೆಸಲಾಯಿತು. ನಾಲ್ಕನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಒಂದು ಬಾರಿಯ ವೈರಸ್ ಪರೀಕ್ಷೆಯಿಂದ ಈ ಕ್ಯಾನ್ಸರಿನ ಮರಣಪ್ರಮಾಣವು ನಾಲ್ಕನೆಯ ಗುಂಪಿನದರ ಸುಮಾರು ಅರ್ಧಕ್ಕಿಳಿಯಿತು. ಉಳಿದೆರಡು ಕ್ರಮಗಳಿಂದ ಗಣನೀಯವಾದ ಇಳಿಕೆ ಕಾಣಲಿಲ್ಲ.

ಕಾಸ್ 2012ರಲ್ಲಿ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ವೈರಸ್ ಪರೀಕ್ಷೆಯನ್ನೇ ಮೊದಲ ಪರೀಕ್ಷೆಯಾಗಿ ಕೈಕೊಳ್ಳಲು ಸೂಚಿಸಿತು: ಸಾಮಾನ್ಯವಾಗಿ 30 ವರ್ಷದಿಂದ ಮೊದಲುಗೊಂಡು, ಐದರಿಂದ ಹತ್ತು ವರ್ಷಗಳಿಗೊಮ್ಮೆ. ಸೂಕ್ಷ್ಮದರ್ಶಕದ ಕೆಲಸ ಇದರಿಂದ ಮುಗಿಯಿತೆಂದಲ್ಲ. ಸೋಂಕು ಕಂಡವರಲ್ಲಿ ರೋಗದ ಹಂತವನ್ನು ನಿರ್ಣಯಿಸಲು ರೋಗಶಾಸ್ತ್ರಜ್ಞರ ಕಣ್ಣು ಇನ್ನೂ ಬೇಕು. ಪರೀಕ್ಷೆ ಯಾವುದೇ ಇರಲಿ, ನೋವಿಲ್ಲದಿರುವಾಗಲೇ ಅದನ್ನು ಮಾಡಿಸಿಕೊಂಡವರಿಗೆ ಮಾತ್ರ ಅದರ ಪೂರ್ಣ ಫಲವುಂಟು.