ಆಸ್ಪತ್ರೆಯ ವಿದ್ಯುನ್ಮಾನ ದಾಖಲೆಯೂ ಸಮಿತಿಗಳ ರಚನೆಯೂ

ರೋಗಿಯ ವೃತ್ತಾಂತವನ್ನು ಕಾಗದದಿಂದ ಗಣಕಯಂತ್ರಕ್ಕೆ ಸಾಗಿಸುವುದು ಯಂತ್ರಜ್ಞರ ಕೆಲಸವೆಂದು ಮೇಲುನೋಟಕ್ಕೆ ತೋರುವುದು. ಆದರೆ ಒಂದೇ ದಾಖಲೆಯಲ್ಲಿ ವೈದ್ಯರೂ ದಾದಿಯರೂ ಔಷಧಶಾಲೆಯವರೂ ಪ್ರಯೋಗಶಾಲೆಯವರೂ ಬರೆಯತಕ್ಕವರಾದುದರಿಂದ, ಯಾವುದನ್ನು ಯಾವ ಹೆಸರಿನಿಂದ ಯಾರು ಬರೆಯಬೇಕೆಂಬುದು ಮೊದಲು ನಿಶ್ಚಯವಾಗಬೇಕು. ಈ ನಿಶ್ಚಯವನ್ನು ಮಾಡತಕ್ಕವು ಸಮಿತಿಗಳು. ಅವುಗಳ ರಚನೆಯಲ್ಲಿ ಎಚ್ಚರ ತಪ್ಪಿದರೆ ಯಂತ್ರವು ಎಷ್ಟು ಉತ್ತಮವಾದರೂ ನಿಷ್ಪ್ರಯೋಜಕವಾಗುವುದು.

ಅಮೆರಿಕದ ಲಾಸ್ ಏಂಜಲಿಸಿನ ಸೀಡರ್ಸ್-ಸೈನೈ ಆಸ್ಪತ್ರೆಯಲ್ಲಿ ವೈದ್ಯರು ತಮ್ಮ ಆದೇಶಗಳನ್ನು ಗಣಕಯಂತ್ರದಲ್ಲಿಯೇ ಬರೆಯುವ ಪದ್ಧತಿಯು 2002ರಲ್ಲಿ ಜಾರಿಗೆ ಬಂದಿತು. ಕೆಲಸಕ್ಕೆ ಹೆಚ್ಚು ಹೊತ್ತು ತಗಲುವುದೆಂದು ವೈದ್ಯರು ಪ್ರಬಲವಾಗಿ ಆಕ್ಷೇಪಿಸಿದುದರಿಂದ 2003ರ ಜನವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ, ಅದೇ ದೇಶದ ನಿವೃತ್ತ ಯೋಧರ ಆಸ್ಪತ್ರೆಗಳ ಚರಿತ್ರೆಯನ್ನು ನೋಡಬಹುದು. ಅಲ್ಲಿ 1970ರ ದಶಕದ ಕೊನೆಯಿಂದ ವೈದ್ಯರೂ ಗಣಕಯಂತ್ರವನ್ನರಿತವರೂ ಜತೆಗೂಡಿ ಪದ್ಧತಿಯನ್ನು ಭಾಗಭಾಗವಾಗಿ ರಚಿಸಿದರು. 1982ರಲ್ಲಿ ಇದಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಔಷಧ, ಪ್ರಯೋಗಶಾಲೆ ಮೊದಲಾದ ವಿಷಯಗಳಿಗೆ ಅವನ್ನು ಬಳಸುವವರದೇ ಸಮಿತಿಗಳಿದ್ದು, ಯಾವ ಕೆಲಸ ಮೊದಲು, ಯಾವುದು ಅನಂತರ ಎಂಬುದನ್ನು ಸೂಚಿಸುತ್ತಿದ್ದುವು. ಮುಂದೆ ವಿಸ್ಟಾ ಎಂದು ಪ್ರಸಿದ್ಧವಾದುದು ಈ ಪದ್ಧತಿಯೇ.

ಇವುಗಳಿಂದ ತಿಳಿಯತಕ್ಕುದಿಷ್ಟು: ಒಂದೊಂದು ಸಮಿತಿಗೂ ಒಂದೇ ವಿಷಯವಿರಬೇಕು, ಸದಸ್ಯರು ಕೆಲವರೇ ಆದರೂ ದಾಖಲೆಯನ್ನು ನಿತ್ಯವೂ ಬರೆಯುವವರಾಗಿರಬೇಕು, ತೀರ್ಮಾನಿಸುವ ಅಧಿಕಾರವೂ ಅವಧಿಯೂ ಮೊದಲೇ ಗೊತ್ತಾಗಿರಬೇಕು. ಔಷಧದ ಹೆಸರು, ಅಳತೆಯ ಮಾನ ಮುಂತಾಗಿ ಎರಡು ವಿಭಾಗಗಳಿಗೆ ಸಂಬಂಧಿಸಿದ ಪ್ರಶ್ನೆಗಳು ಮೇಲಣ ಒಂದೇ ಸಮಿತಿಗೆ ಹೋಗತಕ್ಕವು. ಇಲ್ಲವಾದರೆ ಒಬ್ಬರು ಮಿಲಿಗ್ರಾಮಿನಲ್ಲಿ ಬರೆದುದನ್ನು ಮತ್ತೊಬ್ಬರು ಮಿಲಿಲೀಟರಿನಲ್ಲಿ ಓದಿಯಾರು. ಆ ತಪ್ಪಿನ ಫಲವನ್ನು ಅನುಭವಿಸುವವನು ಯಾವ ಸಮಿತಿಯಲ್ಲಿಯೂ ಸ್ಥಾನವಿಲ್ಲದ ರೋಗಿಯು.